ಏಳನೆಯ ನೀರು

ಸೌದಿಯ ಜಿದ್ದಾದಲ್ಲಿ, ಶರಫಿಯಾ ಪೇಟೆಯ ಒಂದು ಸಗಟು ಚಹಾ ಅಂಗಡಿಯಲ್ಲಿ ಹದಿನೆಂಟು ವರ್ಷ ರುಚಿ ನೋಡುವ ಕೆಲಸ ಮಾಡಿದವನು ನಾನು. ನಾನು ಕುಡಿದು ಹಾಳೆಗೆ ರುಜು ಹಾಕಿದ ಮೇಲೆಯೇ ಮಾಲು ಅದರ ಊರಿನ ಹೆಸರಲ್ಲಿ ಹೊರಗೆ ಹೋಗುತ್ತಿತ್ತು. 2014ರ ಒಂದು ಬುಧವಾರ ನಮ್ಮ ಯಜಮಾನರು, ಭಟ್ಕಳದ ಅಬ್ದುಲ್ ಹಕೀಮ್, ಖಾಲಿ ಹಾಳೆಯೊಂದನ್ನು ನನ್ನ ಎದುರಿಗಿಟ್ಟರು.

"ಐವತ್ತು ಪೆಟ್ಟಿಗೆಯೂ ಮಾನ್‌ಶಿ ಅಂತ ಬರೀರಿ ಮೂಸಾಕ. ಸಂಜೆ ಅಸರ್ ನಮಾಜು ಮುಗಿಸಿ ಅಬು ತುರ್ಕಿ ಬರ್ತಾರೆ."

ಮಾನ್‌ಶಿ ಎಂದರೆ ಚೀನಾದ ಯುನ್ನಾನ್ ಬೆಟ್ಟಗಳ ನಡುವಿನ ಒಂದು ಹಳ್ಳಿ. ಅಲ್ಲಿನ ಪು-ಎರ್ ಚಹಾವನ್ನು ಹಬೆಯಲ್ಲಿ ಮೆದುಮಾಡಿ, ಕಲ್ಲಿನಡಿ ಒತ್ತಿ, ಅಕ್ಕಿರೊಟ್ಟಿಯಷ್ಟು ಅಗಲದ ಬಿಲ್ಲೆ ಮಾಡಿ ಕಳಿಸುತ್ತಾರೆ. ತರುತ್ತಿದ್ದವನು ಆ ಹಳ್ಳಿಯವನೇ, ಇಸ್ಹಾಕ್ ಮಾ. ಮದೀನಾದಲ್ಲಿ ಓದಿ ಇಲ್ಲೇ ನಿಂತವನು. ಐವತ್ತರಲ್ಲಿ ಅವನು ತಂದದ್ದು ಇಪ್ಪತ್ತೇ. ಉಳಿದ ಮೂವತ್ತನ್ನು ಯಜಮಾನರು ಯಾವುದೋ ತಗ್ಗಿನ ತೋಟದಿಂದ ತರಿಸಿ ಮಾನ್‌ಶಿಯ ಕಾಗದ ಸುತ್ತಿಸಿದ್ದರು.

"ಮೂವತ್ತು ಮಾನ್‌ಶಿ ಅಲ್ಲ ಸಾಹೇಬ್ರೆ."

"ಎಲೆ ಎಲೆಯೇ ಮಾರಾಯ್ರೆ."

"ಹಾಗಾದ್ರೆ ಅಗ್ಗದ ಬಂಗುಡೆಯೂ ಮೀನೇ, ದುಬಾರಿ ಅಂಜಲೂ ಮೀನೇ. ಭಟ್ಕಳದ ಪೇಟೆಯಲ್ಲಿ ಹೇಳಿ ನೋಡುವ."

ಅವರಿಗೆ ನಗು ಬಂದಿತ್ತು, ನುಂಗಿಕೊಂಡರು. "ನಿಮ್ಮ ಇಕಾಮಾ ಮುಂದಿನ ತಿಂಗಳು ಮುಗೀತದಲ್ಲ?"

ಇಕಾಮಾ ಎಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ಅದನ್ನು ಮಾಡಿಸಿಕೊಡಬೇಕಾದವರು ಅವರೇ. ಹೆದರಿಕೆ ಆಗಲಿಲ್ಲ ಎನ್ನಲಾರೆ. ಐವತ್ತೆರಡರ ವಯಸ್ಸಿಗೆ ಜಾಮೀನು ನಿಲ್ಲುವ ಹೊಸ ಕಫೀಲ್ ಎಲ್ಲಿ ಸಿಗುತ್ತಾನೆ? ಆದರೆ ಹೆದರಿದವನ ಬಾಯಿಗೆ ರುಚಿ ಹತ್ತುವುದಿಲ್ಲ. ಹಾಳೆಯನ್ನು ಖಾಲಿಯೇ ಬಿಟ್ಟೆ.

ಐವತ್ತು ಪೆಟ್ಟಿಗೆಯನ್ನೂ ಕೊಳ್ಳಬೇಕಿದ್ದ ಅಬು ತುರ್ಕಿ ಜಿದ್ದಾದಲ್ಲಿ ನಾಲ್ಕು ಹೋಟೆಲು ನಡೆಸುವವರು. ಬಂದವರೇ ತಾವಾಗಿ ಎರಡು ಪೆಟ್ಟಿಗೆಗೆ ಬೆರಳು ತೋರಿಸಿದರು. ಒಂದು ಬೆಟ್ಟದ್ದು, ಇನ್ನೊಂದು ತೋಟದ್ದು. ಎರಡು ಟೀಪಾಟಿಗೆ ಹಾಕಿ ಬಿಸಿನೀರು ಹೊಯ್ದೆ. ಯಜಮಾನರು ಆರಾಮವಾಗಿ ಕೂತಿದ್ದರು, ಕಾರಣ ಅವರಿಗೂ ಗೊತ್ತಿತ್ತು: ಮೊದಲ ನೀರಿನಲ್ಲಿ ಗೆಲ್ಲುವುದು ತೋಟದ್ದೇ. ಬಿಸಿಗಾಳಿಯ ಯಂತ್ರದಲ್ಲಿ ಒಣಗಿದ ಎಲೆ ತನ್ನ ಪರಿಮಳವನ್ನೆಲ್ಲ ಹೊಸಿಲಲ್ಲೇ ಚೆಲ್ಲಿಬಿಡುತ್ತದೆ.

ಅಬು ತುರ್ಕಿ ಎರಡನ್ನೂ ಕುಡಿದರು, ತಲೆದೂಗಿದರು, ಫಿಂಜಾನ್ ಅಲ್ಲಾಡಿಸಿದರು. ಆ ಸಣ್ಣ ಬಟ್ಟಲನ್ನು ಅತಿಥಿ ಅಲ್ಲಾಡಿಸಿದರೆ ಸಾಕು ಎಂದರ್ಥ. ಆಮೇಲೂ ಹೊಯ್ಯುವವನಿಗೆ ಮರ್ಯಾದೆ ತಿಳಿಯದು ಎನ್ನುತ್ತಾರೆ ಇಲ್ಲಿ.

ನಾನು ಅದೇ ಎಲೆಗೆ ಮತ್ತೆ ನೀರು ಹಾಕಿ ಹೊಯ್ದೆ.

"ಖಲಾಸ್," ಎಂದರು ಅವರು ನಗುತ್ತ. ಕುಡಿದರು, ಅಲ್ಲಾಡಿಸಿದರು. ಮತ್ತೆ ಹೊಯ್ದೆ.

"ಎಂತ ಮಾಡ್ತಿದ್ದೀರಿ ನೀವು?" ಯಜಮಾನರು ಹಲ್ಲು ಕಚ್ಚಿ ಕನ್ನಡದಲ್ಲಿ ಕೇಳಿದರು. "ಮರ್ಯಾದೆ ಹೋಗ್ತದೆ!"

"ನನ್ನದು ತಾನೇ? ಹೋಗ್ಲಿ."

ನಾಲ್ಕನೆಯದಕ್ಕೆ ಅಬು ತುರ್ಕಿಯ ಹುಬ್ಬು ಗಂಟಾಯಿತು. ಐದನೆಯದಕ್ಕೆ ತೋಟದ ಚಹಾ ಬಣ್ಣದ ನೀರಾಗಿ ನಾಲಿಗೆಯ ತುದಿಯಲ್ಲಿ ಬರೀ ಒಗರು ಉಳಿಯಿತು. ಬೆಟ್ಟದ್ದರಲ್ಲಿ ಏಳನೆಯ ನೀರಿನಲ್ಲೂ ಮೊದಲಿಗೆ ಕಹಿ, ಆಮೇಲೆ ಗಂಟಲಲ್ಲಿ ನಿಧಾನವಾಗಿ ಏರುವ ಸಿಹಿ. ಅವರು ತೋಟದ ಬಟ್ಟಲನ್ನು ದೂರ ಸರಿಸಿದರು.

"ಇದು ಸತ್ತಿದೆ. ಯಾಕೆ?"

ಪೆಟ್ಟಿಗೆಗಳ ಪಕ್ಕ ಕೂತಿದ್ದ ಇಸ್ಹಾಕ್‌ನ ಕಡೆ ನೋಡಿದೆ. ಅವನು ಮೆಲ್ಲಗೆ ಹೇಳಿದ, "ನಮ್ಮ ಇಳಿಜಾರು ಮೂಡಣಕ್ಕಿದೆ. ಹತ್ತು ಗಂಟೆಯವರೆಗೆ ಮಂಜು. ಕಲ್ಲು ನೆಲ, ಮರಗಳು ಅಜ್ಜನ ಅಜ್ಜನಿಗಿಂತ ಹಳೆಯವು. ಚಿಗುರು ಬಹಳ ನಿಧಾನ."

ಉಳಿದದ್ದನ್ನು ನಾನು ಹೇಳಿದೆ. "ಬೇರು ಬಂಡೆಯ ಸಂದಿಯಲ್ಲಿ ಅನ್ನ ಹುಡುಕಬೇಕು. ತಗ್ಗಿನ ಗಿಡಕ್ಕೆ ಗೊಬ್ಬರ, ನೀರು ಕಾಲಬುಡಕ್ಕೇ ಬರುತ್ತದೆ. ಅದು ಕೂತಲ್ಲೇ ಉಂಡು ಬೆಳೆದ ಎಲೆ. ಇವರ ಹಳ್ಳಿಯವರು ಬಾಣಲೆಯಲ್ಲಿ ಕೈಯಿಂದ ಹದವಾಗಿ ಹುರಿದು, ಉಜ್ಜಿ, ಬಿಸಿಲಿಗೆ ಹರವುತ್ತಾರೆ. ಬಿಸಿಲು ಎಲೆಯ ಜೀವ ಉಳಿಸಿ ಒಣಗಿಸುತ್ತದೆ, ವರ್ಷ ಹೋದ ಹಾಗೆ ಅದು ಮಾಗುತ್ತದೆ. ಯಂತ್ರಕ್ಕೆ ಅಷ್ಟು ತಾಳ್ಮೆ ಇಲ್ಲ."

"ಹಾಗಾದರೆ ಐವತ್ತೂ ಒಂದೇ ಹಳ್ಳಿಯದಲ್ಲ?" ಎಂದರು ಅಬು ತುರ್ಕಿ.

ಯಜಮಾನರು ನನ್ನನ್ನೇ ನೋಡುತ್ತ ಮತ್ತೆ ಕನ್ನಡದಲ್ಲಿ ಅಂದರು, "ಮೂಸಾಕ, ಬಾಯಿ ಬಿಟ್ರೆ ನಾಳೆಯಿಂದ ಬರುವುದು ಬೇಡ."

"ನಾಳೆಯಿಂದ ಅಲ್ವಾ ಸಾಹೇಬ್ರೆ? ಇವತ್ತು ರುಚಿ ನೋಡುವವ ನಾನೇ."

ಹಾಳೆ ಎಳೆದುಕೊಂಡೆ. ಮಾನ್‌ಶಿ, ಬಿಸಿಲಲ್ಲಿ ಒಣಗಿದ್ದು, ಇಪ್ಪತ್ತು ಪೆಟ್ಟಿಗೆ. ತಗ್ಗಿನ ತೋಟ, ಯಂತ್ರದಲ್ಲಿ ಒಣಗಿದ್ದು, ಮೂವತ್ತು ಪೆಟ್ಟಿಗೆ. ಅರಬಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ಪೂರ್ತಿ ಹೆಸರಿನ ರುಜು ಹಾಕಿ, ಅಬು ತುರ್ಕಿಯ ಕೈಗೇ ಕೊಟ್ಟೆ. ಅವರು ಓದಿ ಮಡಚಿ ಕಿಸೆಗಿಟ್ಟರು. ಕೊಳ್ಳುತ್ತೇನೆ ಎನ್ನಲೂ ಇಲ್ಲ, ಬಿಡುತ್ತೇನೆ ಎನ್ನಲೂ ಇಲ್ಲ.

ಇಸ್ಹಾಕ್ ಎದ್ದು ತನ್ನ ಇಪ್ಪತ್ತು ಪೆಟ್ಟಿಗೆಗಳನ್ನು ಸುಳ್ಳು ಹೆಸರಿನ ಆ ಮೂವತ್ತರ ನಡುವಿನಿಂದ ಒಂದೊಂದಾಗಿ ಬಾಗಿಲ ಕಡೆ ಎಳೆಯತೊಡಗಿದ. ಯಜಮಾನರು ಅವನ ಹೆಸರು ಹಿಡಿದು ಎರಡು ಸಲ ಕೂಗಿದರು. ನಾನು ಅಂಗಿಯ ತೋಳು ಮಡಚಿ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದೆ.