ಹಾಜರಿದ್ದವರ ಸರಾಸರಿ

ನಮ್ಮ ಕಚೇರಿಯಲ್ಲಿ 'ಪರೀಕ್ಷೆ ಜ್ವರ' ಎನ್ನುವ ಮಾತೊಂದಿದೆ. ಅದು ಮಕ್ಕಳಿಗೆ ಪರೀಕ್ಷೆಯ ದಿನ ಬೆಳಿಗ್ಗೆ ಬಂದು ಸಂಜೆಗೆ ಇಳಿದುಹೋಗುತ್ತದೆ. ಚೆನ್ನಾಗಿ ಓದುವ ಮಕ್ಕಳಿಗೆ ಮಾತ್ರ ಯಾವತ್ತೂ ಬರುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾವು ಇದನ್ನು ಹೇಳಿ ನಗುತ್ತೇವೆ. ಅವರು ಮೊದಲು ಗಾಬರಿಯಾಗುತ್ತಾರೆ, ಎರಡನೆಯ ವರ್ಷದ ಹೊತ್ತಿಗೆ ಅವರೂ ನಗುತ್ತಾರೆ.

ನಾನು ಸರ್ಕಾರಿ ಶಾಲೆಗಳ ಸಂಶೋಧನಾ ಘಟಕದಲ್ಲಿದ್ದೇನೆ. ವರ್ಷಕ್ಕೊಮ್ಮೆ ನಮ್ಮವರು ಶಾಲೆಗಳಿಗೆ ಹೋಗಿ ಮೂರನೆಯ ತರಗತಿಯಿಂದ ಮೇಲಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಒಂದು ಪುಟ ಕೈಗೆ ಕೊಟ್ಟು, ಒಂದು ನಿಮಿಷದಲ್ಲಿ ಎಷ್ಟು ಪದ ತಪ್ಪಿಲ್ಲದೆ ಓದುತ್ತಾರೆಂದು ಬರೆದುಕೊಳ್ಳುತ್ತಾರೆ. ಅವತ್ತು ಹಾಜರಿದ್ದ ಮಕ್ಕಳ ಸರಾಸರಿಯೇ ಆ ಶಾಲೆಯ ಅಂಕ. ಬಾರದವರು ಲೆಕ್ಕಕ್ಕಿಲ್ಲ. ಈ ವಿಧಾನ ರೂಪಿಸಿದವಳು ನಾನೇ. ಶಾಲೆಗೆ ಕೊಡುವ ಅನುದಾನವನ್ನು ಈ ಅಂಕಕ್ಕೆ ಜೋಡಿಸಬೇಕು, ಮೂವತ್ತೈದಕ್ಕಿಂತ ಕೆಳಗಿರುವ ಶಾಲೆಯನ್ನು ಹತ್ತಿರದ ಶಾಲೆಗೆ ಸೇರಿಸಬೇಕು ಎಂದು ವರದಿಯಲ್ಲಿ ಬರೆದವಳೂ ನಾನೇ. ಬರೆದಾಗ ಅದು ಒಳ್ಳೆಯ ವಾಕ್ಯ ಎಂದೇ ನನಗನಿಸಿತ್ತು. ಈಗಲೂ ವ್ಯಾಕರಣದಲ್ಲಿ ತಪ್ಪಿಲ್ಲ.

ನನ್ನ ಅಕ್ಕ ಅಂಥದೊಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಗೋದಾಮುಗಳ ಹಿಂದಿನ ಬೀದಿಯಲ್ಲಿ ನಾಲ್ಕು ಕೋಣೆಯ ಶಾಲೆ. ಇಪ್ಪತ್ತೆರಡು ವರ್ಷ ಅಲ್ಲೇ ಇದ್ದಾಳೆ. ಮದುವೆಯಾಗಲಿಲ್ಲ. ಅಮ್ಮ ಇರುವುದು ನನ್ನ ಮನೆಯಲ್ಲಿ, ಆದರೆ ಅಮ್ಮನ ಬಾಯಲ್ಲಿ ಇರುವುದು ಅವಳು.

ಕಳೆದ ವರ್ಷ ಒಂದು ಭಾನುವಾರ ಚಿಕ್ಕಮ್ಮ ಬಂದಿದ್ದರು. ನಾನೇನು ಕೆಲಸ ಮಾಡುತ್ತೇನೆಂದು ಅವರು ಇಪ್ಪತ್ತನೆಯ ಸಲ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು: "ದೊಡ್ಡವಳು ಮಕ್ಕಳಿಗೆ ಓದಿಸ್ತಾಳೆ. ಇವಳು ಓದಿಸೋರನ್ನ ಎಣಿಸ್ತಾಳೆ."

ಚಿಕ್ಕಮ್ಮ ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ. ಅಮ್ಮನ ಕಾಲಿಗೆ ಎಣ್ಣೆ ತಿಕ್ಕುವವಳು, ಮಾತ್ರೆ ಕೊಡುವವಳು, ಸ್ನಾನದ ಕೋಣೆಯಲ್ಲಿ ಕೈಹಿಡಿದು ಕೂರಿಸುವವಳು ಎಣಿಸುವವಳೇ. ಅದನ್ನು ಹೇಳಲಿಲ್ಲ. ಹೇಳಿದರೆ ಅದನ್ನೂ ಎಣಿಸಿದಂತಾಗುತ್ತಿತ್ತು.

ಅದೇ ಸಂಜೆ ಅಕ್ಕ ಫೋನ್ ಮಾಡಿದಳು. ಸಣ್ಣ ಶಾಲೆಗಳನ್ನು ಪರೀಕ್ಷೆಗೆ ಸೇರಿಸಿದ್ದು ಆ ವರ್ಷವೇ, ಅವಳ ಶಾಲೆಗೆ ಅದೇ ಮೊದಲು.

"ನಿಮ್ಮೋರು ಮುಂದಿನ ಬುಧವಾರ ಬರ್ತಾರಂತಲ್ಲೇ. ನಾನೇನು ತಯಾರಿ ಮಾಡ್ಬೇಕು?"

"ತಯಾರಿ ಏನೂ ಬೇಡ ಅಕ್ಕ. ಎಲ್ಲ ಮಕ್ಕಳೂ ಬರೋ ಹಾಗೆ ನೋಡ್ಕೋ."

"ಎಲ್ಲರೂ ಅಂದ್ರೆ? ಬಸವನಹುಳೂನೂ?"

ಬಸವನಹುಳು ಎಂದರೆ ಐದನೆಯ ತರಗತಿಯ ಒಂದು ಹುಡುಗಿ. ಪದಕ್ಕೊಂದು ಉಸಿರು ತೆಗೆದುಕೊಂಡು ಓದುತ್ತಾಳೆಂದು ಮಕ್ಕಳು ಇಟ್ಟ ಹೆಸರು. ಅವಳ ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ವಾರದಲ್ಲಿ ಎರಡು ದಿನ ಹುಡುಗಿಯೂ ಅಲ್ಲೇ ಬಟ್ಟೆ ಮಡಿಸುತ್ತ ಕೂರುತ್ತಿದ್ದಳು.

"ಅವಳೂ ನಿನ್ನ ಶಾಲೆಯವಳೇ ಅಲ್ವಾ?" ಎಂದೆ.

"ಅದೂ ನಿಜ ಅನ್ನು," ಎಂದಳು ಅಕ್ಕ. ಅವಳ ದನಿಯಲ್ಲಿ ಸಂತೋಷವಿತ್ತು. ತಂಗಿಯ ಬಾಯಲ್ಲಿ ಒಳ್ಳೆಯ ಮಾತು ಬಂದಿತೆಂಬ ಸಂತೋಷ.

ನಾನು ಹೇಳಿದ್ದು ಸರಿಯಾದ ಉತ್ತರ. ಯಾವ ಮುಖ್ಯೋಪಾಧ್ಯಾಯರು ಕೇಳಿದರೂ ಅದನ್ನೇ ಹೇಳಬೇಕು, ನಿಯಮ ಇರುವುದೇ ಹಾಗೆ. ಆದರೆ ಬೇರೆ ಯಾರೂ ಯಾವತ್ತೂ ಕೇಳಿರಲಿಲ್ಲ. ಪರೀಕ್ಷೆ ಜ್ವರ ಅವರಿಗೆಲ್ಲ ಗೊತ್ತಿತ್ತು. ಫೋನ್ ಕೆಳಗಿಟ್ಟಾಗ ನನ್ನ ಎದೆ ಹಗುರವಾಗಿತ್ತು, ಆ ಹಗುರ ಎಲ್ಲಿಂದ ಬಂತೆಂದು ಕೇಳಿಕೊಳ್ಳಲು ನಾನು ಹೋಗಲಿಲ್ಲ.

ಬುಧವಾರ ಅಕ್ಕ ಏಳು ಗಂಟೆಗೇ ಮನೆಮನೆಗೆ ಹೋದಳಂತೆ. ಲಾಂಡ್ರಿಯವಳು ಕೆಲಸವಿದೆ ಎಂದಾಗ, ತಾನೇ ನಿಂತು ಒಂದು ಗಂಟು ಬಟ್ಟೆ ಮಡಿಸಿಕೊಟ್ಟು ಹುಡುಗಿಯ ಕೈಹಿಡಿದು ಕರೆತಂದಳಂತೆ. ಮಾತೇ ಆಡದ ಒಬ್ಬನನ್ನು, ಆ ವರ್ಷವಷ್ಟೇ ಬೇರೆ ಭಾಷೆಯ ಊರಿಂದ ಬಂದ ಅಣ್ಣತಂಗಿಯನ್ನು, ಎಲ್ಲರನ್ನೂ ಸೇರಿಸಿದಳು. ನಮ್ಮ ಪರೀಕ್ಷಕಿ ವಾಪಸು ಬಂದು ಹೇಳಿದಳು: "ಮೇಡಂ, ನಲವತ್ತೊಂದಕ್ಕೆ ನಲವತ್ತೊಂದು ಹಾಜರಿ! ನನ್ನ ಸರ್ವೀಸಲ್ಲೇ ನೋಡಿಲ್ಲ. ಆ ಟೀಚರ್‌ಗೆ ತಲೆ ಕೆಟ್ಟಿದೆಯಾ?"

"ನನ್ನ ಅಕ್ಕ," ಎಂದೆ.

ಅವಳು ಕೈಯಲ್ಲಿದ್ದ ಕಾಗದಗಳನ್ನು ಜೋಡಿಸುವುದರಲ್ಲಿ ಮುಳುಗಿದಳು.

ಅಂಕ ಬಂತು. ಅಕ್ಕನ ಶಾಲೆಗೆ ಇಪ್ಪತ್ತೊಂಬತ್ತು. ಪಕ್ಕದ ಬಡಾವಣೆಯ ದೊಡ್ಡ ಶಾಲೆಗೆ ನಲವತ್ತೆಂಟು. ಅಲ್ಲಿ ದಾಖಲಾದವರು ಅರವತ್ತನಾಲ್ಕು, ಹಾಜರಿದ್ದವರು ಮೂವತ್ತೇಳು. ಐವತ್ತೆಂಟು ಶಾಲೆಗಳ ಪಟ್ಟಿಯಲ್ಲಿ ಅಕ್ಕನದು ಕಟ್ಟಕಡೆಗೆ ಕೂತಿತ್ತು.

ಅವತ್ತು ಎಲ್ಲರೂ ಊಟಕ್ಕೆ ಹೋದಮೇಲೆ ನಾನು ಇನ್ನೊಂದು ಪಟ್ಟಿ ಮಾಡಿದೆ. ಪ್ರತಿ ಶಾಲೆಯಲ್ಲೂ ದಾಖಲಾದವರ ಅರ್ಧದಷ್ಟು, ಚೆನ್ನಾಗಿ ಓದುವ ಮಕ್ಕಳನ್ನು ಮಾತ್ರ ತೆಗೆದುಕೊಂಡು ಹೋಲಿಸಿದೆ. ಆಗ ಯಾರು ಯಾರನ್ನು ಮನೆಯಲ್ಲಿ ಬಚ್ಚಿಟ್ಟರೂ ವ್ಯತ್ಯಾಸವಾಗುವುದಿಲ್ಲ. ಅಕ್ಕನ ಶಾಲೆ ಮೂರನೆಯ ಸ್ಥಾನಕ್ಕೆ ಬಂತು. ಮೂರು ಸಲ ನೋಡಿದೆ. ಹಾಳೆಯನ್ನು ಮುದ್ರಿಸಿ ಡ್ರಾಯರಿನಲ್ಲಿಟ್ಟೆ.

ಅವಳ ಶಾಲೆಯನ್ನು ಆ ದೊಡ್ಡ ಶಾಲೆಗೆ ಸೇರಿಸುವ, ಸಮಿತಿ ಇನ್ನೂ ಒಪ್ಪಬೇಕಿದ್ದ ಕರಡು ಆದೇಶ ಕೈಸೇರಿದ ಮರುದಿನ ಅಕ್ಕ ಕಚೇರಿಗೆ ಬಂದಳು. ಬಟ್ಟೆಯ ಚೀಲದಲ್ಲಿ ಹಾಜರಿ ಪುಸ್ತಕ. ನನ್ನ ಎದುರು ಕೂತು ಪಟ್ಟಿ ಕೇಳಿದಳು. ಅವಳು ಯಾವುದನ್ನೂ ತಿರುವಿಹಾಕಿ ನೋಡುವವಳಲ್ಲ. ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾಳೆ. ಒಂಬತ್ತನೆಯ ಸಾಲಿನಲ್ಲಿ ಬೆರಳು ನಿಂತಿತು.

"ಅರವತ್ನಾಲ್ಕರಲ್ಲಿ ಮೂವತ್ತೇಳು. ಉಳಿದೋರೆಲ್ಲಿ?"

"ಬಂದಿಲ್ಲ."

"ಇಲ್ಲಿ ಐವತ್ತರಲ್ಲಿ ಇಪ್ಪತ್ತೆಂಟು. ಇವರೂ ಬಂದಿಲ್ವಾ? ಒಂದೇ ದಿನ ಊರಿಗೆ ಊರೇ ಮಲಗಿತ್ತಾ?"

ನಾನು ನೀರಿನ ಲೋಟ ಮುಂದಿಟ್ಟೆ. ಅವಳು ಅದನ್ನು ಪಕ್ಕಕ್ಕೆ ಸರಿಸಿದಳು.

"ನಿಂಗೆ ಗೊತ್ತಿತ್ತಾ?"

"ಅಂದಾಜಿತ್ತು."

"ಅಂದಾಜು!" ಎಂದಳು. "ನಾನು ನಿನ್ನ ಕೇಳಿದ್ನಲ್ಲೇ. ನಿನ್ನನ್ನೇ ಕೇಳಿದೆ."

"ಮಕ್ಕಳನ್ನ ಅಡಗಿಸಿಡು ಅಂತ ಹೇಳ್ಬೇಕಿತ್ತಾ? ಹೇಳಿದ್ರೆ ನೀನು ಕೇಳ್ತಿದ್ದೆಯಾ?"

"ಕೇಳ್ತಿರ್ಲಿಲ್ಲ," ಎಂದಳು ಅಕ್ಕ. "ಆದ್ರೆ ಆಗ ತಿಳಿದು ಸೋಲ್ತಿದ್ದೆ. ನೀನು ನನ್ನ ಪೆದ್ದಿ ಮಾಡ್ದೆ."

ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಡ್ರಾಯರ್ ತೆಗೆದು ಇನ್ನೊಂದು ಪಟ್ಟಿಯನ್ನು ತೋರಿಸಿದೆ. ಅವಳು ಅದನ್ನೂ ಬೆರಳಿಟ್ಟೇ ಓದಿದಳು. ಮೂರನೆಯ ಸಾಲಿಗೆ ಬಂದಾಗ ಅವಳ ಮುಖ ಸಡಿಲವಾಯಿತು, ಇಪ್ಪತ್ತು ವರ್ಷ ಚಿಕ್ಕವಳಾದಂತೆ.

"ಇದನ್ನ ಸಮಿತಿ ಮುಂದೆ ಇಡ್ತೀಯಲ್ಲ?"

"ಇಡ್ತೀನಿ ಅಕ್ಕ."

"ನನಗೋಸ್ಕರ ಅಲ್ಲ ಕಣೇ. ಆ ದೊಡ್ಡ ಶಾಲೆಗೆ ಎರಡು ಬಸ್ ಬದಲಾಯಿಸ್ಬೇಕು. ನಮ್ಮ ಮಕ್ಕಳಲ್ಲಿ ಅರ್ಧ ಜನ ಹೋಗಲ್ಲ. ಶಾಲೆ ಬಿಟ್ಟೇಬಿಡ್ತಾರೆ."

ಇಡ್ತೀನಿ ಎಂದು ಹೇಳುವಾಗ ನಾನು ನಿಜವಾಗಿಯೂ ಇಡುವವಳೇ ಇದ್ದೆ. ಹಾಗಂತ ನಂಬಿದ್ದೇನೆ.

ಸಮಿತಿಗೆ ಮುಂಚೆ ನಿರ್ದೇಶಕರಿಗೆ ಹಾಳೆ ತೋರಿಸಿದೆ. ಅವರು ಒಳ್ಳೆಯವರು, ಯಾರ ಮೇಲೂ ಕೂಗಾಡುವವರಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಲೆಕ್ಕ ಸರಿಯಾಗಿದೆ ಮೇಡಂ. ನಿಮ್ಮ ಲೆಕ್ಕ ಯಾವಾಗ ತಪ್ಪಿದೆ? ಆದ್ರೆ ಇದು ಸರಿ ಅಂದ್ರೆ, ನಾವು ಆರು ವರ್ಷದಿಂದ ಬರೆದದ್ದೆಲ್ಲ ಏನು?"

ನಾನು ಹಾಳೆ ತೆಗೆದುಕೊಳ್ಳಲು ಕೈಚಾಚಿದೆ.

"ಇನ್ನೊಂದು ವಿಷ್ಯ. ಬೇಜಾರು ಮಾಡ್ಕೋಬೇಡಿ. ಹೊಸ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಮೇಲೆ ಜಿಗಿದದ್ದು ಯಾರ ಶಾಲೆ? ಜನ ಏನಂತಾರೆ? ನಿಮ್ಮ ಹೆಸರಿಗೆ ಮಸಿ ಹತ್ತೋದು ನಂಗಿಷ್ಟ ಇಲ್ಲ." ಹಾಳೆಯನ್ನು ಅವರು ಹರಿಯಲಿಲ್ಲ. ನನ್ನ ಕೈಗೇ ವಾಪಸು ಕೊಟ್ಟರು. "ನೀವು ಇಡೋದಾದ್ರೆ ಇಡಿ. ನಾನು ತಡೆಯಲ್ಲ."

ಬಾಗಿಲು ಪೂರ್ತಿ ತೆರೆದೇ ಇತ್ತು. ಎರಡು ಗಂಟೆ ನಡೆದ ಸಮಿತಿ ಸಭೆಯಲ್ಲಿ ಆ ಹಾಳೆ ನನ್ನ ಮಡಿಲ ಮೇಲಿತ್ತು. ಅಕ್ಕನ ಶಾಲೆಯ ಸರದಿ ಬಂದಾಗ ಅಧ್ಯಕ್ಷರು "ಸಂಶೋಧನಾ ಘಟಕದ ಅಭಿಪ್ರಾಯ?" ಎಂದು ಕೇಳಿದರು. "ಈ ಶಾಲೆಯ ವಿಷಯದಲ್ಲಿ ನಾನು ಅಭಿಪ್ರಾಯ ಹೇಳುವುದು ಸರಿಯಲ್ಲ, ಅಲ್ಲಿ ನನ್ನ ಸ್ವಂತ ಅಕ್ಕ ಇದ್ದಾರೆ," ಎಂದೆ. ಮೇಜಿನ ಸುತ್ತ ಎಲ್ಲರೂ ಮೆಚ್ಚುಗೆಯಿಂದ ತಲೆಯಾಡಿಸಿದರು. ಅಷ್ಟು ಮೆಚ್ಚುಗೆ ನನಗೆ ಆ ಕೋಣೆಯಲ್ಲಿ ಹಿಂದೆಂದೂ ಸಿಕ್ಕಿರಲಿಲ್ಲ. ಆದೇಶ ಖಾಯಂ ಆಯಿತು.

ಶಾಲೆ ಮುಚ್ಚುವ ಮೊದಲು ಪೋಷಕರನ್ನು ಕರೆದು ಕಾರಣ ವಿವರಿಸಬೇಕು, ಘಟಕದ ಅಧಿಕಾರಿಯೇ ಹೋಗಬೇಕು. ಅದು ನನ್ನದೇ ವರದಿಯ ಇನ್ನೊಂದು ಶಿಫಾರಸು. ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ನಾನೇ ಹೋದೆ. ಹೋಗದಿದ್ದರೆ ಹೇಡಿ ಎನಿಸಿಕೊಳ್ಳುತ್ತೇನೆಂದು ಹೋದೆ. ಎಂಥ ವಿಷಯಕ್ಕೆ ಮರ್ಯಾದೆ ನೋಡಿಕೊಂಡೆ ನೋಡಿ.

ಐದನೆಯ ತರಗತಿಯ ಕೋಣೆಯಲ್ಲಿ ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮಂಡಿ ಮಡಿಸಿಕೊಂಡು ಕೂತಿದ್ದರು. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ನನ್ನನ್ನು ನೋಡಿ, "ಬನ್ನಿ ಮೇಡಂ," ಎಂದಳು. ಹುಟ್ಟಿದಾಗಿನಿಂದ ಅವಳು ನನ್ನನ್ನು ಹಾಗೆ ಕರೆದಿರಲಿಲ್ಲ.

ನಾನು ಅಂಕ ಹೇಳಿದೆ, ಮೂವತ್ತೈದರ ಗೆರೆಯ ಬಗ್ಗೆ ಹೇಳಿದೆ. ಲಾರಿ ಓಡಿಸುವವನೊಬ್ಬ ಎದ್ದ.

"ನನ್ನ ಮಗ ಗಟಗಟ ಓದ್ತಾನೆ. ಐವತ್ತೈದು ಪದ ಓದಿದ ಅಂತ ಟೀಚರೇ ಹೇಳಿದ್ರು. ಮತ್ತೆ ಇಪ್ಪತ್ತೊಂಬತ್ತು ಹೇಗೆ ಬಂತು?"

"ಅದು ಎಲ್ಲರ ಸರಾಸರಿ," ಎಂದೆ. "ಕಡಿಮೆ ಓದಿದ ಮಕ್ಕಳೂ ಸೇರ್ತಾರೆ."

"ಎಷ್ಟು ಕಡಿಮೆ?"

"ನಾಲ್ಕು. ಆರು. ಇಬ್ಬರದು ಸೊನ್ನೆ."

ಯಾರ ಹೆಸರನ್ನೂ ನಾನು ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ. ಬೆಂಚುಗಳ ಮೇಲಿನ ತಲೆಗಳು ಒಂದೊಂದಾಗಿ ಹಿಂದಕ್ಕೆ, ಲಾಂಡ್ರಿಯವಳ ಕಡೆಗೆ ತಿರುಗಿದವು. ಅವಳ ಪಕ್ಕದಲ್ಲಿ ಬಸವನಹುಳು ಕೂತಿದ್ದಳು.

"ಇವರಿಂದಾನಾ?" ಎಂದಳು ಮುಂದಿನ ಬೆಂಚಿನ ಹೆಂಗಸು. "ಟೀಚರ್, ಅವತ್ತೊಂದು ದಿನ ಇವಳನ್ನ ಬಿಟ್ಟಿದ್ರೆ ಏನಾಗ್ತಿತ್ತು? ಹೇಗೂ ವಾರದಲ್ಲಿ ಎರಡು ದಿನ ಬರಲ್ಲ!"

"ಬಟ್ಟೆ ಮಡಿಸಿಕೊಟ್ಟು ಕರ್ಕೊಂಡು ಬಂದ್ರಂತೆ," ಎಂದ ಇನ್ನೊಬ್ಬ. "ಮೆರವಣಿಗೆ ಒಂದು ಬಾಕಿ!"

ಕೆಲವರು ನಕ್ಕರು. ಹುಡುಗಿ ಎದ್ದು ನಿಂತಳು. ಅವಳು ಓದುವುದರಲ್ಲಷ್ಟೇ ನಿಧಾನ, ತಿಳಿಯುವುದರಲ್ಲಿ ಅಲ್ಲ. ಅಕ್ಕನನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು.

"ನಾನು ಬರದೇ ಇದ್ದಿದ್ರೆ ಶಾಲೆ ಉಳೀತಿತ್ತಾ ಮೇಡಂ?"

ಅಕ್ಕ ಗೋಡೆ ಬಿಟ್ಟು ಮುಂದೆ ಬಂದಳು. "ಇಲ್ಲ ಪುಟ್ಟಿ. ನಿನ್ನಿಂದಲ್ಲ." ನನ್ನ ಕಡೆ ತಿರುಗಿದಳು. ಅವಳ ದನಿ ಒಮ್ಮೆಲೇ ಮನೆಯ ದನಿಯಾಯಿತು. "ಹೇಳೇ. ಅವಳಿಂದಲ್ಲ ಅಂತ ಹೇಳು. ಇಷ್ಟಾದ್ರೂ ಹೇಳು."

ಹೇಳಬಹುದಿತ್ತು. ಇಡೀ ಕೋಣೆ ಕಾಯುತ್ತಿತ್ತು. ಆದರೆ ಅವಳಿಂದಲ್ಲ ಎಂದರೆ, ಮತ್ತೆ ಯಾರಿಂದ ಎಂಬ ಪ್ರಶ್ನೆ ಮರುಕ್ಷಣವೇ ಬರುತ್ತಿತ್ತು.

"ಒಂದು ಮಗುವಿನಿಂದ ಸರಾಸರಿ ಹೆಚ್ಚು ಬದಲಾಗಲ್ಲ," ಎಂದೆ. "ಸ್ವಲ್ಪ ಬದಲಾಗುತ್ತೆ."

ಹುಡುಗಿ ಕೂತಳು. ಅವಳ ತಾಯಿ ಎದ್ದಳು. ಇಸ್ತ್ರಿಯ ಕಾವಿಗೆ ಕಪ್ಪಾದ ಕೈಯಿಂದ ಮಗಳ ತೋಳು ಹಿಡಿದಳು.

"ನಡಿಯೇ. ಓದಿದ್ದು ಸಾಕು."

"ಒಂದು ನಿಮಿಷ ನಿಲ್ಲಮ್ಮಾ," ಎಂದಳು ಅಕ್ಕ.

"ನಿಮ್ಮನ್ನ ನಂಬಿ ಕಳಿಸ್ದೆ ಟೀಚರ್. ಹತ್ತು ಜನರ ಮುಂದೆ ನನ್ನ ಮಗಳ ಮಾನ ಕಳೆಯೋಕೆ ಕರ್ಕೊಂಡು ಹೋದ್ರಾ? ಆ ದೊಡ್ಡ ಶಾಲೆಗೂ ಬೇಡ, ಎಲ್ಲಿಗೂ ಬೇಡ. ಅವಳ ಹೆಸರು ತೆಗೀರಿ."

"ಕರ್ಕೊಂಡು ಹೋದದ್ದು ನಾನೇ," ಎಂದಳು ಅಕ್ಕ. "ತಪ್ಪು ನಂದು."

ತಂಗಿ ಹೇಳಿದಳೆಂದು ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಅದನ್ನು ಕಾಯುತ್ತಿದ್ದೆ, ಉತ್ತರವನ್ನೂ ಸಿದ್ಧಮಾಡಿಟ್ಟುಕೊಂಡಿದ್ದೆ. ಅವಳು ಆಡಲಿಲ್ಲ. ಇದಕ್ಕೂ ನನಗೆ ಅವಳ ಮೇಲೆ ಸಿಟ್ಟು ಬಂತು.

ಜನ ಹೋದಮೇಲೆ ನಾವಿಬ್ಬರೇ ಉಳಿದೆವು. ದೊಡ್ಡ ಶಾಲೆಗೆ ಕಳಿಸುವ ಮಕ್ಕಳ ಪಟ್ಟಿಗೆ ಇಬ್ಬರೂ ಸಹಿ ಹಾಕಬೇಕಿತ್ತು. ಮೂರನೆಯ ತರಗತಿಯಿಂದ ಮೇಲಿನ ನಲವತ್ತೊಂದು ಹೆಸರು. ನಾನು ಪೆನ್ನು ತೆಗೆದು ಬಸವನಹುಳುವಿನ ಹೆಸರಿನ ಮೇಲೆ ಗೆರೆ ಎಳೆಯಲು ಹೋದೆ. ಮುಂದಿನ ವರ್ಷ ಆ ಶಾಲೆಯ ಸರಾಸರಿಗೆ ಇದರಿಂದ ಒಳ್ಳೆಯದೇ ಆಗುತ್ತದೆ, ವಿಲೀನ ಯಶಸ್ವಿಯಾಯಿತೆಂದು ಬರೆಯಬಹುದು ಎಂದು ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕಿತು. ಗೆರೆ ಸೊಟ್ಟಗಾಯಿತು, ಕೆಳಗಿನ ಹೆಸರಿಗೂ ತಾಗಿತು.

ಅಕ್ಕ ನೋಡುತ್ತಿದ್ದಳು. ಮೇಜಿನ ಮೇಲಿದ್ದ ಅಡಿಕೋಲನ್ನು ನನ್ನ ಕಡೆ ಸರಿಸಿದಳು.

"ನೆಟ್ಟಗೆ ಎಳೀರಿ ಮೇಡಂ," ಎಂದಳು. "ಕೆಳಗಿನ ಹುಡುಗಿ ಇನ್ನೂ ಶಾಲೆಗೆ ಬರ್ತಾಳೆ."