ಮೂರನೇ ಪಾಲಿಗೆ ದಾರ

"ದಾರ ನೆಟ್ಟಗೆ ಎಳಿಯೋ ಸೂಳೆಮಗನೆ! ಹಾವು ಹರಿದ ಹಾಗಿದೆ."

ಬೈದವನು ದೊಡ್ಡ ಧಣಿ. ಮಾತು ಬಾಯಿಂದ ಬಿದ್ದ ಮೇಲೆ ಅದು ಎಲ್ಲಿಗೆ ತಾಗಿತೆಂದು ಅವನಿಗೇ ಹೊಳೆದು ಕಿಸಕ್ಕನೆ ನಕ್ಕ. ಪಕ್ಕದಲ್ಲಿದ್ದ ತಮ್ಮನೂ ನಕ್ಕ. ಗೂಟದ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ ಗಾರೆಯವನು ತಲೆ ಎತ್ತಲಿಲ್ಲ. ಹಿತ್ತಲ ಕೊನೆಯ ಬಾವಿಕಟ್ಟೆಯಲ್ಲಿ ಅವನ ಅವ್ವ ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಮರದ ಡಿಪೊದ ಹಿರಿಯ ಧಣಿ ಸತ್ತು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮಕ್ಕಳಾದ ದೊಡ್ಡ ಧಣಿ, ಚಿಕ್ಕ ಧಣಿ ಇಬ್ಬರೂ ಆಗಲೇ ಪಾಲಿಗೆ ಕೂತಿದ್ದರು. ಮನೆ, ಡಿಪೊ ಎರಡೂ ಇತ್ಯರ್ಥವಾಗಿ ಈಗ ಹಿತ್ತಲಿಗೆ ನಡುಗೋಡೆ ಏಳಬೇಕಿತ್ತು. ಕಟ್ಟಲು ಕರೆದದ್ದು ಇವನನ್ನೇ. ಇವನು ಯಾರ ಮಗನೆಂಬುದು ಊರಿಗೆಲ್ಲ ಗೊತ್ತಿದ್ದ, ಊರಲ್ಲಿ ಯಾರೂ ಆಡದ ಮಾತು. ಮೂಗು, ನಡಿಗೆ, ಸಿಟ್ಟು ಬಂದಾಗ ಕೆಂಪಾಗುವ ಕಿವಿ, ಎಲ್ಲ ಹಿರಿಯ ಧಣಿಯದೇ ಅಚ್ಚು. ಧಣಿಯ ಹೆಂಡತಿ ಹೆತ್ತ ಇಬ್ಬರಿಗೂ ಆ ಅಚ್ಚು ಅಷ್ಟು ಚೆನ್ನಾಗಿ ಬಿದ್ದಿರಲಿಲ್ಲ.

ದಾರ ಬಿಗಿದು ಎದ್ದು ನಿಂತು ಗಾರೆಯವನು ಅದರ ಗುಂಟ ನೋಡಿದ. ಅದು ನೇರ ಹೋಗಿ ಹಿತ್ತಲಲ್ಲೇ ಇದ್ದ ಅವ್ವನ ಕೋಣೆಯ ಹೊಟ್ಟೆಗೇ ನುಗ್ಗುತ್ತಿತ್ತು. ಬಾಗಿಲು ದೊಡ್ಡವನ ಪಾಲಿಗೆ, ಒಲೆ ಚಿಕ್ಕವನ ಪಾಲಿಗೆ.

"ಕೋಣೆ ಅಡ್ಡ ಇದೆಯಲ್ಲ ಧಣಿ."

"ಒಡಿ," ಎಂದ ದೊಡ್ಡವನು.

"ಅವ್ವ ಎಲ್ಲಿರ್ತಾಳೆ?"

"ಡಿಪೊ ಗೇಟ್ ಹತ್ರ ತಗಡು ಹಾಕಿಸ್ತೀವಿ," ಎಂದ ಚಿಕ್ಕವನು. "ಕಾವಲಿಗೂ ಆಯ್ತು. ನಾಯಿ ಸಾಕೋದು ತಪ್ತು."

ಗಾರೆ ಕಲಸುವ ಹೆಂಗಸಿಗೆ ರೇಡಿಯೊ ಎಂದೇ ಹೆಸರು, ಹಚ್ಚಿದರೆ ಆರುತ್ತಿರಲಿಲ್ಲ. ಅವಳು ಸಲಿಕೆ ಊರಿ ಗೊಣಗಿದಳು: "ಸತ್ತೋನು ಕೊಟ್ಟಿದ್ದೇ ಒಂದು ಗೂಡು. ಅದರ ಮೇಲೂ ಕಣ್ಣು. ಇವರ ಬಾಯಿಗೆ ಮಣ್ಣು ಬೀಳ!"

ಊಟದ ಹೊತ್ತಿಗೆ ವಕೀಲ ಬಂದ. ಜಗಲಿಯ ಮೇಲೆ ಮೂರು ಕುರ್ಚಿ ಬಿದ್ದವು. ಅವ್ವ ಮೆಟ್ಟಿಲ ಕೆಳಗೆ, ಒದ್ದೆ ಕೈಯಲ್ಲೇ ನಿಂತಳು. ವಕೀಲ ಅವಳ ಹೆಸರಲ್ಲಿ ಬರೆಸಿದ್ದ ಕಾಗದ ಓದಿದ: ನಾನು ಈ ಮನೆಯ ಕೆಲಸದವಳು. ದಯೆಯಿಂದ ಇರಲು ಜಾಗ ಕೊಟ್ಟಿದ್ದರು. ನನಗಾಗಲಿ, ಡಿಪೊದಲ್ಲಿ ಮರ ಕೊಯ್ಯುತ್ತಿದ್ದ ಗರಗಸದವನಿಂದ ನನಗೆ ಹುಟ್ಟಿದ ಮಗನಿಗಾಗಲಿ ಈ ಆಸ್ತಿಯಲ್ಲಿ ಯಾವ ಹಕ್ಕೂ ಇಲ್ಲ.

"ಇದರಲ್ಲಿ ಗರಗಸದವನು ಯಾಕೆ ಬಂದ?" ಎಂದ ಗಾರೆಯವನು.

"ನಿನ್ನ ಸ್ಕೂಲಿಗೆ ಸೇರಿಸೋವಾಗ ಅಪ್ಪ ಯಾರು ಅಂದಿದ್ದಕ್ಕೆ ಅವನ ಹೆಸರು ಹೇಳಿದ್ದು ನಿನ್ನಮ್ಮ ತಾನೆ? ಅವಳನ್ನೇ ಕೇಳು," ಎಂದ ದೊಡ್ಡವನು.

ಅವ್ವ ನೆಲ ನೋಡುತ್ತ ಹೇಳಿದಳು: "ಹೂಂ, ನಾನೇ ಹೇಳಿದ್ದು. ಇವರಪ್ಪ ಹೇಳಿಕೊಟ್ರು. ಗರಗಸದವನು ಆಗಷ್ಟೇ ಸತ್ತಿದ್ದ, ಹಿಂದಿಲ್ಲ ಮುಂದಿಲ್ಲ. ಸತ್ತೋನ ಮಾನ ಹೋಗಲ್ಲ, ನನ್ನ ಮಾನ ಉಳಿಸು ಅಂದ್ರು. ಉಳಿಸ್ದೆ."

ಈ ಮಾತು ಅವ್ವನ ಬಾಯಿಂದ ಹೊರಬಿದ್ದದ್ದು ಇದೇ ಮೊದಲು. ಗಾರೆಯವನ ಕಿವಿ ಕೆಂಪಗಾಯಿತು. ವಕೀಲ ಅದನ್ನು ನೋಡಿದ, ನೋಡದವನಂತೆ ಧಣಿಗಳ ಕಡೆ ಬಾಗಿದ. "ಇವನು ಕೋರ್ಟಿಗೆ ಹೋದ್ರೆ ಮೂರನೇ ಪಾಲು ಕೇಳಬಹುದು. ಅದಕ್ಕೇ ಇವಳ ಹೆಬ್ಬೆಟ್ಟು ಬೇಕು."

"ಒತ್ತೇ ಬೇಗ," ಎಂದ ಚಿಕ್ಕವನು. "ಅಪ್ಪನ ಹಾಸಿಗೆ ಕೊಡವಿದೋರಿಗೆಲ್ಲ ಪಾಲು ಕೊಡ್ತಾ ಹೋದ್ರೆ ನಮಗೆ ಉಳಿಯೋದು ಮರದ ಹೊಟ್ಟು."

ಅವ್ವ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡಳು. "ಒತ್ಬಿಡ್ತೀನಿ ಕಣೋ. ದೊಡ್ಡೋರ ಹಗೆ ನಮಗ್ಯಾಕೆ? ನಿನ್ನ ಅನ್ನಕ್ಕೆ ಕಲ್ಲು ಬೀಳೋದು ಬೇಡ."

"ಅವ್ವ, ಕೈ ತೆಗಿ."

"ಸುಮ್ನಿರೋ."

"ಕೈ ತೆಗಿಯೇ! ಇಷ್ಟು ವರ್ಷ ಅವನ ಮಾನ ಕಾದೆ. ನಂದು ಯಾವಾಗ ಕಾಯ್ತೀಯ?"

ಹೆಬ್ಬೆಟ್ಟು ಕಾಗದದ ಮೇಲೆ ಗಾಳಿಯಲ್ಲೇ ನಿಂತಿತು. ಆಮೇಲೆ ಅವಳು ಅದನ್ನು ಉಟ್ಟ ಬಟ್ಟೆಗೆ ಉಜ್ಜಿಕೊಂಡಳು.

ದೊಡ್ಡ ಧಣಿ ಕೂಗಾಡಲಿಲ್ಲ. ಕೂಗಾಡಿದ್ದರೆ ಗಾರೆಯವನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಕುರ್ಚಿಯಿಂದ ಎದ್ದು, ಚಪ್ಪಲಿ ಮೆಟ್ಟಿ, ಮೆಲ್ಲಗೆ ಹೇಳಿದ: "ಕೋಣೆ ಇವತ್ತೇ ಬೀಳತ್ತೆ. ನೀನು ಬೀಳಿಸದಿದ್ರೆ ಡಿಪೊ ಆಳುಗಳು ಬೀಳಿಸ್ತಾರೆ. ಒಳಗೆ ಯಾರಾದ್ರೂ ಇದ್ದಾರಾ ಅಂತ ಅವರು ನೋಡಲ್ಲ."

ಗಾರೆಯವನು ಹಿತ್ತಲಿಗೆ ಬಂದು ಗೂಟ ಕಿತ್ತ. ಕೋಣೆಯನ್ನೂ ಬಾವಿಯನ್ನೂ ಸುತ್ತುವರಿದು ಹೊಸದಾಗಿ ಗೂಟ ಹೊಡೆದು ದಾರ ಎಳೆದ. ಪಾಯ ತೋಡುವಷ್ಟು ಹೊತ್ತಿರಲಿಲ್ಲ. ಬರಿ ನೆಲದ ಮೇಲೇ ಗಾರೆ ಹರಡಿ ಮೊದಲ ಸಾಲು ಇಟ್ಟ. ಹುಟ್ಟಿದಂದಿನಿಂದ ಪಾಯವಿಲ್ಲದೆ ಅವನು ಒಂದು ಇಟ್ಟಿಗೆ ಇಟ್ಟವನಲ್ಲ. ಒದ್ದರೆ ಬೀಳುವ ಗೋಡೆಯಿದೆಂದು ಅವನಿಗೂ ಗೊತ್ತಿತ್ತು, ರೇಡಿಯೊಗೂ ಗೊತ್ತಿತ್ತು. ಅವಳು ಒಂದೂ ಮಾತಾಡದೆ ಬಾಂಡ್ಲಿ ತುಂಬಿ ತಂದು ತಂದು ಸುರಿದಳು.

"ಏನೋ ಇದು, ಬೇವರ್ಸಿ?" ದೊಡ್ಡ ಧಣಿ ಓಡಿಬಂದ. "ಯಾರ ಜಾಗ ಅಂತ ಕಟ್ತಿದ್ದೀಯ?"

"ನನ್ನಪ್ಪನ ಜಾಗ," ಎಂದು ಗಾರೆಯವನು ಕರಣೆಯಿಂದ ಇಟ್ಟಿಗೆ ತಟ್ಟಿದ. ಆಮೇಲೆ ಈ ಜನ್ಮದಲ್ಲಿ ಒಮ್ಮೆಯೂ ಕರೆಯದ ಹಾಗೆ ಕರೆದ: "ಅಣ್ಣ, ದಾರದಿಂದ ಆಚೆ ನಿಂತ್ಕೊ."

ದೊಡ್ಡವನು ಡಿಪೊದ ಕಡೆ ತಿರುಗಿ ಕೈ ಬೀಸಿದ. ಹಿತ್ತಲಿನಾಚೆ ಬೆಳಗಿನಿಂದ ಕೊರೆಯುತ್ತಿದ್ದ ಗರಗಸ ಕಿರುಗುಟ್ಟಿ ನಿಂತಿತು.

ಅವ್ವ ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡಳು.

"ಅವ್ವ, ಹೊರಗೆ ಬಾ!"

"ನೀನು ಕಟ್ಟು," ಎಂದಳು ಒಳಗಿನಿಂದ.

ಗೇಟು ದಾಟಿ ಆಳುಗಳು ಹಾರೆ ಹಿಡಿದು ಬರುತ್ತಿದ್ದರು. ಎಲ್ಲ ದಿನಾ ಬೆಳಿಗ್ಗೆ ಅವನ ಜೊತೆ ಬೀಡಿ ಹಚ್ಚುವವರೇ. ಅವನು ಅವರ ಮುಖ ನೋಡಲಿಲ್ಲ. ಗೋಡೆ ಇನ್ನೂ ಮೊಣಕಾಲಿನ ಎತ್ತರಕ್ಕೂ ಬಂದಿರಲಿಲ್ಲ.

"ಗಾರೆ," ಎಂದ. ರೇಡಿಯೊ ಬಾಂಡ್ಲಿ ಎತ್ತಿಕೊಂಡಳು.