ಮೂವರು ವಿಲಿಕೇಸರು, ಒಂದು ಕೂಸು

ಮಗನಿಗೆ ವಿಲಿಕೇಸ ಎಂದು ಹೆಸರಿಟ್ಟವಳು ಲೊಸಲಿನಿ. ಎಡವಟ್ಟು ಮಾಡಿದವನು ಅವಳ ಗಂಡ ಮೆಸಾಕೆ. ಭಾನುವಾರ ಚರ್ಚಿನಲ್ಲಿ ಎದ್ದು ನಿಂತು, "ಮಗೂಗೆ ನಮ್ಮ ದ್ವೀಪದ ಹೆಸರುವಾಸಿ ವಿಲಿಕೇಸನ ಹೆಸರೇ ಇಟ್ಟಿದ್ದೀವಿ" ಎಂದು ಸಾರಿ ಕೂತುಬಿಟ್ಟ. ದ್ವೀಪದಲ್ಲಿ ಹೆಸರುವಾಸಿ ವಿಲಿಕೇಸರು ಮೂವರಿದ್ದರು.

ಅಲ್ಲಿನ ರೂಢಿಯಂತೆ, ಯಾರ ಹೆಸರನ್ನು ಇಟ್ಟರೋ ಅವನು ಕೂಸಿಗೆ ಚಾಪೆ ತರಬೇಕು, ಬದುಕಿಡೀ ಅದರ ಬೆನ್ನಿಗೆ ನಿಲ್ಲಬೇಕು. ಶನಿವಾರ ಮೂವರೂ ಚಾಪೆ ಹೊತ್ತು ಬಂದರು. ರಗ್ಬಿ ಆಟಗಾರ ವಿಲಿಕೇಸ ಬಾಗಿಲಿಗೆ ತಲೆ ಬಡಿಸಿಕೊಂಡು ಒಳಬಂದ. ಹಿಂದೆಯೇ, ಸುವಾ ಪಟ್ಟಣದಲ್ಲಿ ಬಹುಮಾನ ಗೆದ್ದ ಚರ್ಚ್ ಹಾಡುಗಾರರ ಮೇಷ್ಟ್ರು ವಿಲಿಕೇಸ. ಕೊನೆಗೆ, ಎಂಥ ಬಿರುಗಾಳಿಗೂ ಬಗ್ಗದ ದೋಣಿಯ ಕಪ್ತಾನ ವಿಲಿಕೇಸ.

ಒಂದೇ ಹೆಸರಿನವರು ಅಲ್ಲಿ ಒಬ್ಬರನ್ನೊಬ್ಬರು 'ಯಾದಾ' ಎಂದೇ ಕರೆಯಬೇಕು.

"ಏನ್ ಯಾದಾ, ನೀನ್ಯಾಕ್ ಬಂದೆ?" ಎಂದ ರಗ್ಬಿಯವನು.

"ನನ್ ಹೆಸರಿನ ಕೂಸು ನೋಡಕ್ಕೆ," ಎಂದರು ಮೇಷ್ಟ್ರು.

"ನಿನ್ನದಾ? ನೀನ್ ಹಾಡಕ್ಕೆ ಬಾಯ್ ತೆಗುದ್ರೆ ಮೀನೆಲ್ಲಾ ದಿಕ್ಕಾಪಾಲು!" ಎಂದ ರಗ್ಬಿಯವನು.

ಮೆಸಾಕೆ ಮಾಡಿನ ಗರಿಗಳನ್ನು ಪರೀಕ್ಷಿಸತೊಡಗಿದ. ಲೊಸಲಿನಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಬ್ಬನ ಹೆಸರು ಹೇಳಿದರೆ ಇನ್ನಿಬ್ಬರು ಊರಿನ ಕಣ್ಣೆದುರು ಚಾಪೆ ಹೊತ್ತು ವಾಪಸ್ಸು ಹೋಗಬೇಕು. ಮೂವರದ್ದೂ ಎಂದು ಸುಳ್ಳು ಹೇಳಿಬಿಡಲೇ?

ಅಷ್ಟರಲ್ಲಿ ಕಪ್ತಾನ ಎದ್ದ. "ನಾ ಹೊರಡ್ತೀನಮ್ಮ. ಟೀವೀಲಿ ಬರೋರ್ ಮುಂದೆ ನಂದೇನು."

"ಕೂತ್ಕೊಳಣ್ಣ," ಲೊಸಲಿನಿ ಅವನ ತೋಳು ಹಿಡಿದು ನಿಲ್ಲಿಸಿದಳು. "ನಾ ಹೆರಿಗೆ ನೋವಲ್ಲಿ ಕಿರುಚ್ತಿದ್ದಾಗ ಆ ಅಲೇಲೂ ದೋಣಿ ಬಿಟ್ಟು ಆಸ್ಪತ್ರೆ ಮುಟ್ಸಿದ್ದು ನೀನು. ಹೆಸರು ನಿಂದೇ."

ಇದಕ್ಕಾಗಿಯೇ ಆಕ್ಲೆಂಡಿನಿಂದ ಹಾರಿ ಬಂದಿದ್ದ ಆಟಗಾರನ ಮುಖ ಇಷ್ಟೇ ಇಷ್ಟಾಯಿತು. ಆಮೇಲೆ ಅವನು ಕಪ್ತಾನನ ಬೆನ್ನಿಗೆ ರಪ್ಪನೆ ಬಾರಿಸಿದ.

"ಯಾದಾ ಕೇಳಿದ್ದಕ್ಕೆ ಯಾದಾ ಇಲ್ಲ ಅನ್ನಂಗಿಲ್ಲ, ಗೊತ್ತಲ್ಲ? ಕೂಸಲ್ಲಿ ನಂಗೂ ಪಾಲು ಕೊಡು!"

"ನಂಗೂ!" ಮೇಷ್ಟ್ರು ಧಾವಂತದಿಂದ ಮುಂದೆ ಸರಿದರು.

"ತಗೊಳ್ರಪ್ಪಾ," ಎಂದ ಕಪ್ತಾನ. "ಆದ್ರೆ ನಿನ್ ಆಟದ ಬೂಟು ನಂಗೆ."

"ಅದ್ರೊಳಗೆ ನೀನೇ ಮುಳುಗಿ ಹೋಗ್ತೀಯಲ್ಲೋ!"

ನಗುವಿನ ನಡುವೆ ಲೊಸಲಿನಿ ಕೂಸನ್ನು ಕಪ್ತಾನನ ಕೈಗಿಟ್ಟಳು. ಅವನು ಅದನ್ನು ದೋಣಿಯ ಚುಕ್ಕಾಣಿಯಂತೆ ಬಿಗಿಯಾಗಿ ಹಿಡಿದ.

"ಕತ್ತು ಹಿಡ್ಕೊ ಯಾದಾ, ಕತ್ತು!"

"ಅಯ್ಯೋ, ಹಂಗಲ್ಲ, ಇತ್ಲಾಗ್ ಕೊಡು!"

ಮೂವರೂ ಕೂಸಿನ ಸುತ್ತ ಕಿತ್ತಾಡುತ್ತಿರುವಾಗ ಲೊಸಲಿನಿ ಗೋಡೆಗೆ ಒರಗಿದಳು. ಹೆತ್ತ ಮೇಲೆ ಮೊದಲ ಸಲ, ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಬಿಸಿ ಚಹಾವನ್ನು ಬಿಸಿಯಾಗಿರುವಾಗಲೇ ಕುಡಿದಳು.